ಸಂಸಾರದ ಕೇಸಿಗೆ ವಕೀಲರು ಬೇಕಾದಾಗ

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯಲ್ಲಿ ‘ನ್ಯಾಯ ದೇಗುಲ’ ಎಂಬ ಕಟ್ಟಡವಿದೆ. ನಗರದ ಕೌಟುಂಬಿಕ ನ್ಯಾಯಾಲಯ ನಡೆಯುವುದು ಅಲ್ಲೇ. ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿ ಎಂದು ಫೈಲು ಬಗಲಲ್ಲಿಟ್ಟುಕೊಂಡು ಬರುವ ಗಂಡ-ಹೆಂಡಿರು, ಅವರ ಬೆನ್ನಿಗೆ ಅಪ್ಪ-ಅಮ್ಮ, ಸೋದರಮಾವ, ಚಿಕ್ಕಪ್ಪ ಎಲ್ಲರೂ ತಮ್ಮ ಹೆಸರು ಕೂಗುವುದನ್ನೇ ಕಾಯುತ್ತಾರೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುವುದೂ ಅಲ್ಲೇ. 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ. ಆದರೂ ವಕೀಲರ ಫೀಸಿಗೆಂದು ಸರ ಅಡವಿಟ್ಟು ಬಂದವರಲ್ಲಿ ಎಷ್ಟೋ ಮಂದಿಗೆ, ಬಿಡಿಗಾಸಿಲ್ಲದೆ ವಕೀಲರನ್ನು ಕೊಡುವ ಕಚೇರಿ ಇಷ್ಟು ಹತ್ತಿರದಲ್ಲಿದೆ ಎಂಬುದು ತಿಳಿದಿರುವುದಿಲ್ಲ.

ಗೊತ್ತಿದ್ದವರಲ್ಲೂ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿದೆ: ಅದು ಬಿಪಿಎಲ್ ಕಾರ್ಡಿದ್ದವರಿಗೆ ಮಾತ್ರ ಎಂದು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಹಾಗೆ ಹೇಳುವುದಿಲ್ಲ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ತಿಂಗಳಿಗೆ ಲಕ್ಷ ಎಣಿಸುವ ಬ್ಯಾಂಕ್ ಅಧಿಕಾರಿಣಿಗೂ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೂ ಇಲ್ಲಿ ಒಂದೇ ಹಕ್ಕು. ಇಷ್ಟು ಉದಾರತೆ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಮನೆಯ ಪಾಸ್‌ಬುಕ್ಕು, ಎಟಿಎಂ ಕಾರ್ಡು ಯಾರ ಕೈಯಲ್ಲಿರುತ್ತದೆ ಎಂದು ನೋಡಿದವರು ಆ ಪ್ರಶ್ನೆ ಕೇಳಲಾರರು. ಉಳಿದವರಿಗೆ, ಅಂದರೆ ಈ ಯಾವ ವರ್ಗಕ್ಕೂ ಸೇರದ ಗಂಡಸರಿಗೆ, ರಾಜ್ಯದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು. ಆದಾಯಕ್ಕೆ ಸಾಮಾನ್ಯವಾಗಿ ಅರ್ಜಿದಾರರ ಪ್ರಮಾಣಪತ್ರವೇ, ಅಂದರೆ ಅಫಿಡವಿಟ್ಟೇ, ಸಾಕು.

ಇದು ಯಾರೋ ಕೊಡುವ ದಾನವಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ಸರ್ಕಾರದ ಹೊಣೆ ಎಂದಿತು. ಅದನ್ನು ಜಾರಿಗೆ ತರುವ ಕಾಯ್ದೆ ಹುಟ್ಟಲು ಹನ್ನೊಂದು ವರ್ಷ ಹಿಡಿಯಿತು. ಆ ಕಾಯ್ದೆ ಜಾರಿಯಾಗಲು ಇನ್ನೂ ಎಂಟು ವರ್ಷ, 1995ರ ನವೆಂಬರ್ 9ರವರೆಗೆ.

ಊರೂರಲ್ಲಿ ಇದರ ಬಾಗಿಲು ಎಲ್ಲಿ? ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಗೇಟಿನಲ್ಲಿ ‘ಫ್ರೀ ಲೀಗಲ್ ಏಡ್ ಎಲ್ಲಿ’ ಎಂದರೆ ತೋರಿಸುತ್ತಾರೆ. ಹೋಗುವ ಮೊದಲು ವಿಚಾರಿಸಬೇಕೆಂದರೆ 15100 ಸಂಖ್ಯೆಗೆ ಕರೆ ಮಾಡಬಹುದು. ಅರ್ಜಿಯನ್ನು ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆದುಕೊಡಬಹುದು. ಓದು-ಬರಹ ಬಾರದವರು ಹೇಳುತ್ತಾ ಹೋದರೆ ಅಲ್ಲಿನ ಸಿಬ್ಬಂದಿಯೋ ಅರೆಕಾಲಿಕ ಕಾನೂನು ಸ್ವಯಂಸೇವಕರೋ ಬರೆದುಕೊಳ್ಳಬೇಕು. ಅರ್ಜಿಯ ಮೇಲೆ ಏಳು ದಿನದೊಳಗೆ ತೀರ್ಮಾನವಾಗಬೇಕು ಎನ್ನುತ್ತದೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ನಿಯಮ. ತಿರಸ್ಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಉಂಟು; ಜಿಲ್ಲೆಯಲ್ಲಿ ಅವರು ಪ್ರಧಾನ ಜಿಲ್ಲಾ ನ್ಯಾಯಾಧೀಶರೇ ಆಗಿರುತ್ತಾರೆ. ನೆರವು ವಕೀಲರ ಫೀಸಿಗೆ ನಿಲ್ಲುವುದಿಲ್ಲ. ಕೋರ್ಟ್ ಶುಲ್ಕ, ಸಮನ್ಸ್ ಜಾರಿಯ ಖರ್ಚು, ಆದೇಶದ ದೃಢೀಕೃತ ನಕಲು, ದಾಖಲೆಗಳ ಅನುವಾದ ಎಲ್ಲವೂ ಅದರಲ್ಲೇ ಸೇರುತ್ತವೆ.

ಇಲ್ಲಿಯವರೆಗಿನದು ಸುಲಭದ ಭಾಗ. ಜನ ಹಿಂಜರಿಯುವುದು ಬೇರೆ ಕಾರಣಕ್ಕೆ. ‘ಬಿಟ್ಟಿ ಲಾಯರ್ ಸರಿಯಾಗಿ ವಾದ ಮಾಡ್ತಾರಾ?’ ಅನುಮಾನ ಆಧಾರವಿಲ್ಲದ್ದಲ್ಲ. ಪ್ಯಾನೆಲ್ ವಕೀಲರಿಗೆ ಪ್ರಾಧಿಕಾರ ಕೊಡುವ ಗೌರವಧನ ಸಣ್ಣದು, ಕೈಯಲ್ಲಿರುವ ಕೇಸುಗಳು ಹಲವು. ಆದರೆ ನಿಯಮಗಳು ಅರ್ಜಿದಾರರನ್ನು ಸುಮ್ಮನೆ ಕೈಕಟ್ಟಿ ಕೂರಿಸಿಲ್ಲ. ಪ್ಯಾನೆಲ್‌ಗೆ ಸೇರಲು ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕು. ಪಟ್ಟಿಯಲ್ಲಿರುವ ಇಂಥವರೇ ಬೇಕು ಎಂದು ಅರ್ಜಿಯಲ್ಲೇ ಕೇಳಬಹುದು; ಪ್ರಾಧಿಕಾರದ ಕಾರ್ಯದರ್ಶಿಯವರು ಅದನ್ನು ಪರಿಗಣಿಸಬಹುದು. ಗಂಡಸರೆದುರು ಹೇಳಿಕೊಳ್ಳಲಾಗದ ಸಂಗತಿಗಳಿದ್ದರೆ ಮಹಿಳಾ ವಕೀಲರೇ ಬೇಕೆಂದು ಬರೆಯುವುದರಲ್ಲಿ ಸಂಕೋಚ ಬೇಡ. ನೇಮಕವಾದ ವಕೀಲರು ಫೋನ್ ಎತ್ತುವುದಿಲ್ಲ, ವಾಯಿದೆಗೆ ಬರುವುದಿಲ್ಲ ಎಂದಾದರೆ ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಬಹುದು. ‘ಟೈಪಿಂಗ್‌ಗೆ ಕೊಡಿ, ಗುಮಾಸ್ತನಿಗೆ ಕೊಡಿ’ ಎಂದು ಕಕ್ಷಿದಾರರಿಂದ ದುಡ್ಡು ಕೇಳುವುದು ನಿಯಮಕ್ಕೆ ವಿರುದ್ಧ. ಅದೂ ಕಾರ್ಯದರ್ಶಿಯವರ ಗಮನಕ್ಕೆ ಬರಬೇಕಾದ ವಿಷಯ.

ವಕೀಲರ ಮುಂದೆ ಮೊದಲ ಸಲ ಕೂರುವಾಗ ಕೈಯಲ್ಲಿ ಏನಿರುತ್ತದೆ ಎನ್ನುವುದರ ಮೇಲೆ ಅರ್ಧ ಕೇಸು ನಿಂತಿರುತ್ತದೆ. ನಮ್ಮಲ್ಲಿ ಮದುವೆ ನೋಂದಣಿಯಾಗದ ಸಂಸಾರಗಳೇ ಹೆಚ್ಚು. ಆಗ ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಫೋಟೊ, ಛತ್ರದ ರಸೀದಿ, ಇಬ್ಬರ ಹೆಸರೂ ಇರುವ ರೇಷನ್ ಕಾರ್ಡು, ಮಗುವಿನ ಜನನ ಪ್ರಮಾಣಪತ್ರ ಇವೇ ಸಾಕ್ಷಿ. ಗಂಡನ ಸಂಬಳದ ಚೀಟಿ ಸಿಗದಿದ್ದರೆ ಅವನು ಎಲ್ಲಿ ಕೆಲಸ ಮಾಡುತ್ತಾನೆ, ಬೈಕು-ಕಾರು ಯಾವುದು, ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ ಎಂಬ ವಿವರ. ಇವುಗಳ ಜೊತೆ, ಮದುವೆಯಾದ ದಿನದಿಂದ ಮನೆ ಬಿಟ್ಟ ದಿನದವರೆಗೆ ನಡೆದದ್ದನ್ನು ತಾರೀಖಿನ ಪ್ರಕಾರ ಒಂದೆರಡು ಹಾಳೆಯಲ್ಲಿ ಬರೆದುಕೊಂಡು ಹೋದರೆ, ಹತ್ತು ನಿಮಿಷ ಕೊಡುವ ವಕೀಲರಿಂದಲೂ ಹತ್ತು ನಿಮಿಷದ ಪೂರ್ತಿ ಕೆಲಸ ತೆಗೆಯಬಹುದು.

ಎಲ್ಲಕ್ಕಿಂತ ಮೊದಲು ಬರುವುದು ಜೀವನಾಂಶ. ವಿಚ್ಛೇದನಕ್ಕೆ ಆತುರವಿಲ್ಲ, ಹೊಟ್ಟೆಗೆ ಆತುರವಿದೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ 125ನೇ ಕಲಂ ಹೋಗಿ, ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಹೆಂಡತಿ, ಮಕ್ಕಳು, ತಂದೆ-ತಾಯಿ ಮೂವರೂ ಇದರಡಿ ಕೇಳಬಹುದು. ಹೆಂಡತಿ ತಾನು ಈಗ ಇರುವ ಊರಿನಲ್ಲೇ ಅರ್ಜಿ ಹಾಕಬಹುದು. ತುಮಕೂರಿನ ತವರಿಗೆ ಬಂದವಳು ಗಂಡನಿರುವ ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ಫ್ಯಾಮಿಲಿ ಕೋರ್ಟ್ ಇಲ್ಲದ ಕಡೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯವೇ ಇದನ್ನು ನೋಡುತ್ತದೆ. ಮಧ್ಯಂತರ ಜೀವನಾಂಶದ ಅರ್ಜಿ ಎದುರುದಾರರಿಗೆ ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟೂ ಇತ್ಯರ್ಥವಾಗಬೇಕು. ‘ಆದಷ್ಟೂ’ ಎಂಬ ಆ ಪದದೊಳಗೆ ಎಷ್ಟು ತಿಂಗಳು ಬೇಕಾದರೂ ಹಿಡಿಸುತ್ತವೆ ಎನ್ನುವುದು ಕೋರ್ಟಿಗೆ ಅಲೆದವರಿಗೆಲ್ಲ ಗೊತ್ತು.

ಆ ಎಳೆದಾಟಕ್ಕೆ ಸುಪ್ರೀಂ ಕೋರ್ಟ್ ಮೂಗುದಾರ ಹಾಕಿದ್ದು 2020ರ ನವೆಂಬರ್‌ನಲ್ಲಿ, ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ. ಹೆಂಡತಿ ಅರ್ಜಿ ಹಾಕಿದ್ದು 2013ರಲ್ಲಿ. ಕೌಟುಂಬಿಕ ನ್ಯಾಯಾಲಯ ಆಕೆಗೆ ತಿಂಗಳಿಗೆ 15,000 ರೂಪಾಯಿ ಗೊತ್ತುಮಾಡಿತ್ತು. ಮಧ್ಯಂತರ ಪರಿಹಾರದ ಆ ಜಗಳವೇ ಏಳು ವರ್ಷ ಎಳೆಯಿತು. ಆ ತೀರ್ಪಿನ ಪ್ರಕಾರ ಗಂಡ-ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು. ಹಾಗಾಗಿ ‘ಊರಿನ ಹಿರಿಯರು ರಾಜಿ ಮಾಡುತ್ತಾರೆ, ನೋಡೋಣ’ ಎಂದು ಅರ್ಜಿ ಹಾಕದೆ ಕಾದ ಪ್ರತಿ ತಿಂಗಳೂ ನಷ್ಟ. ಅರ್ಜಿ ಹಾಕಿಯೂ ರಾಜಿ ಮಾತಾಡಬಹುದು. ಇನ್ನೊಂದು ಗಡುವು ಬಹಳ ಮಂದಿಗೆ ತಪ್ಪುತ್ತದೆ: ಆದೇಶವಾದ ಮೇಲೂ ಗಂಡ ಕೊಡದಿದ್ದರೆ, ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು.

ಜೀವನಾಂಶದ ಈ ಕಲಂ ಎಲ್ಲ ಧರ್ಮದವರದ್ದು. ಇಂದೋರಿನ ಶಾ ಬಾನೊಗೆ ಮ್ಯಾಜಿಸ್ಟ್ರೇಟರು ಮೊದಲು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ; ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರಲ್ಲಿ ದೇಶವನ್ನೇ ಅಲ್ಲಾಡಿಸಿದ ತೀರ್ಪಿನ ಹಿಂದಿದ್ದ ಮೊತ್ತ ಅಷ್ಟೇ. ಆಮೇಲೆ ಬೇರೆ ಕಾಯ್ದೆ ಬಂದು ಗೊಂದಲವಾಗಿತ್ತು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಕೇಳಬಹುದು ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟಪಡಿಸಿದೆ.

ಹೊಡೆತ-ಬಡಿತ, ಮನೆಯಿಂದ ಹೊರಹಾಕುವುದು ಇದ್ದರೆ ದಾರಿ ಬೇರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಇರುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಆ ಕೆಲಸ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿಯ ದಾರಿ ತಿಳಿಯುತ್ತದೆ. ಅವರು ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು, ಉಚಿತ ವಕೀಲರು ಸಿಗುವಂತೆಯೂ ನೋಡಿಕೊಳ್ಳಬೇಕು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು. ರಾತ್ರಿ ಹೊತ್ತಿನ ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.

ಯಾವ ಕಾಯ್ದೆಯನ್ನು ಯಾರು ಮೊದಲು ಹಿಡಿಯುತ್ತಾರೆ ಎಂಬುದರಿಂದ ಸಂಸಾರದ ಕೇಸು ಎಷ್ಟು ತಿರುವು ಪಡೆಯುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣವಿದೆ. ವಯಸ್ಸಾದ ಅತ್ತೆ-ಮಾವ ಹಿರಿಯ ನಾಗರಿಕರ ಕಾಯ್ದೆ, 2007ರಡಿ ಉಪವಿಭಾಗಾಧಿಕಾರಿಗಳ ಮುಂದೆ ಹೋಗಿ, ಸೊಸೆಯನ್ನು ಮನೆಯಿಂದ ಬಿಡಿಸಿಕೊಡಿ ಎಂದರು. ಆ ಮನೆಯನ್ನು ಮದುವೆಗೆ ತುಸು ಮುಂಚೆ ಕೊಂಡಿದ್ದವನು ಗಂಡ. ಆಮೇಲೆ ಅದನ್ನು ಅಪ್ಪನಿಗೆ ಮಾರಿದ. ವಿಚ್ಛೇದನದ ಕೇಸು ಶುರುವಾದ ಮೇಲೆ ಅಪ್ಪ ಅದನ್ನು ತನ್ನ ಹೆಂಡತಿಗೆ ದಾನಪತ್ರ ಮಾಡಿಕೊಟ್ಟ. ಕಾಗದದ ಮೇಲೆ ಎಲ್ಲವೂ ನೇರ. ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಹೈಕೋರ್ಟ್ ಎಲ್ಲ ಕಡೆ ಸೊಸೆ ಸೋತಳು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ (ಎಸ್. ವನಿತಾ ವಿರುದ್ಧ ಬೆಂಗಳೂರು ನಗರ ಜಿಲ್ಲಾಧಿಕಾರಿ) ಆ ಆದೇಶವನ್ನು ರದ್ದುಮಾಡಿತು. ಹಿರಿಯರ ಕಾಯ್ದೆಯನ್ನು ಬಳಸಿ, ಕೌಟುಂಬಿಕ ಹಿಂಸೆ ಕಾಯ್ದೆ ಸೊಸೆಗೆ ಕೊಟ್ಟಿರುವ ವಾಸದ ಹಕ್ಕನ್ನು ಒರೆಸಿಹಾಕಲಾಗದು ಎಂದಿತು. ದಾಖಲೆಗಳನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿ ನೋಡುವ ಒಬ್ಬ ವಕೀಲರು ಶುರುವಿನಲ್ಲೇ ಏಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ಅದೇ ಹಿರಿಯರ ಕಾಯ್ದೆ ಮಕ್ಕಳು ನಿಜವಾಗಿ ಕೈಬಿಟ್ಟ ತಂದೆ-ತಾಯಿಗೆ ಅಗ್ಗದ ಆಸರೆಯೂ ಹೌದು: ವಕೀಲರಿಲ್ಲದೆಯೇ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಪಡೆಯಬಹುದು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಕೊಟ್ಟ ಮಕ್ಕಳ ಪತ್ರವನ್ನು ರದ್ದು ಮಾಡಿಸಲೂಬಹುದು.

ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆಗಳಲ್ಲಿ ಹಾರ ಬದಲಿಸಿಕೊಂಡು ನಗುವ ದಂಪತಿಯ ಚಿತ್ರ ಬರುತ್ತದೆ. ಒಂದಾದವರು ಒಂದಾಗಲಿ. ಆದರೆ ಅಲ್ಲಿ ಒಪ್ಪಲೇಬೇಕೆಂಬ ನಿಯಮವಿಲ್ಲ, ಒಪ್ಪದಿದ್ದರೆ ಕೇಸು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಒಪ್ಪಿ ಸಹಿ ಹಾಕಿದರೆ ಅದು ಡಿಕ್ರಿಯ ಸಮ, ಮೇಲ್ಮನವಿ ಇಲ್ಲ. ಕೂಡಿ ಬಾಳಲು ಒಪ್ಪುವ ಹೆಣ್ಣುಮಗಳು ಎಲ್ಲಿ ವಾಸ, ಖರ್ಚಿಗೆ ಎಷ್ಟು, ಮತ್ತೆ ಹೊಡೆದರೆ ಏನು ಎಂಬುದನ್ನು ಆ ಹಾಳೆಯಲ್ಲೇ ಬರೆಸಬೇಕು.

ಉಚಿತ ನೆರವಿನ ಪಟ್ಟಿಗೆ ಸೇರದವರು, ಅಥವಾ ತಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ಬಯಸುವವರು, ಫೀಸಿನ ಮಾತನ್ನು ಮೊದಲ ದಿನವೇ ಆಡಬೇಕು: ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು, ರಸೀದಿ ಉಂಟೇ. ಬರುವ ಪರಿಹಾರದಲ್ಲಿ ಇಷ್ಟು ಪಾಲು ಎಂಬ ಕರಾರನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿವೆ. ಖಾಲಿ ಹಾಳೆಗೆ ಸಹಿ ಬೇಡ. ಫೀಸು ಬಾಕಿ ಇದೆಯೆಂದು ವಕೀಲರು ಕಕ್ಷಿದಾರರ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಕೇಸು ದಾಖಲಾದಾಗ ಸಿಗುವ, ನಮ್ಮ ರಾಜ್ಯದಲ್ಲಿ ‘ಕೆಎ’ಯಿಂದ ಶುರುವಾಗುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ವಾಯಿದೆ ಯಾವಾಗ, ಹಿಂದಿನ ದಿನ ಏನಾಯಿತು ಎಂಬುದನ್ನು ಮನೆಯಲ್ಲೇ ನೋಡಬಹುದು. ‘ಡೇಟ್ ಯಾವಾಗ ಸರ್’ ಎಂದು ಗುಮಾಸ್ತರಿಗೆ ಹತ್ತು ಸಲ ಫೋನ್ ಮಾಡುವುದು ತಪ್ಪುತ್ತದೆ.

ವಕೀಲರೇ ಬೇಡವೆಂದರೂ ನಡೆಯುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಪ್ರಕಾರ ಅಲ್ಲಿ ವಕೀಲರ ಮೂಲಕ ವಾದಿಸುವುದು ಹಕ್ಕಲ್ಲ, ನ್ಯಾಯಾಲಯದ ಅನುಮತಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಇಬ್ಬರೂ ನೇರ ಮಾತಾಡಿ ಮುಗಿಸಿಕೊಳ್ಳಬಹುದು. ಅದಕ್ಕಿರುವ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮಗು ಯಾರ ಬಳಿ ಇರಬೇಕು ಎಂಬ ಜಗಳದಲ್ಲೋ, ಎದುರುಕಡೆಯವರು ಪಾಟೀಸವಾಲಿಗೆ ನಿಂತಾಗಲೋ ಒಬ್ಬರೇ ಹೋಗುವುದು ಜಾಣತನವಲ್ಲ.

ತೀರ್ಪು ವಿರುದ್ಧವಾಗಿ ಬಂದರೆ ಮೊದಲು ತಾರೀಖು ನೋಡಬೇಕು. ವಿಚ್ಛೇದನ, ಸುಪರ್ದಿಯಂಥ ಅಂತಿಮ ಆದೇಶದ ಮೇಲೆ ಹೈಕೋರ್ಟಿಗೆ ಹೋಗಲು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಕೊಟ್ಟಿರುವುದು 30 ದಿನ. ಜಿಲ್ಲೆಯಲ್ಲಿ ಸಿಕ್ಕ ಉಚಿತ ನೆರವು ಅಲ್ಲಿಗೇ ಮುಗಿಯಿತೆಂದು ಎಷ್ಟೋ ಮಂದಿ ಕೈಚೆಲ್ಲುತ್ತಾರೆ. ಬೆಂಗಳೂರಿನ ಪ್ರಧಾನ ಪೀಠದಲ್ಲೂ ಧಾರವಾಡ, ಕಲಬುರಗಿ ಪೀಠಗಳಲ್ಲೂ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗಳಿವೆ. ತೀರ್ಪಿನ ದೃಢೀಕೃತ ನಕಲಿನೊಂದಿಗೆ ಅಲ್ಲಿ ಹೊಸದಾಗಿ ಅರ್ಜಿ ಕೊಟ್ಟರೆ, ಮೇಲ್ಮನವಿಗೂ ವಕೀಲರನ್ನು ಅವರೇ ನೇಮಿಸುತ್ತಾರೆ.