ಪಾಗಾರದ ಬದಿಗೊಂದು ಕಲ್ಲುಕಟ್ಟಿನ ತರಕಾರಿ ಮಡಿ

ಕರಾವಳಿಯ ಹಿತ್ತಲಿನಲ್ಲಿ ಮಳೆಗಾಲದ ತರಕಾರಿ ಹಾಳಾಗುವುದು ಹೆಚ್ಚಾಗಿ ಬುಡದಲ್ಲಿ ನಿಂತ ನೀರಿನಿಂದ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲಮಟ್ಟದಲ್ಲಿ ನೆಟ್ಟ ಬೆಂಡೆ, ಬದನೆಯ ಬೇರು ಕೊಳೆಯುತ್ತದೆ, ಹಾಕಿದ ಗೊಬ್ಬರ ತೋಡಿನ ಪಾಲಾಗುತ್ತದೆ. ಪಾಗಾರದ ಬದಿಯಲ್ಲಿ ಕೆಂಪು ಕಲ್ಲಿನ ಎತ್ತರದ ಮಡಿ ಕಟ್ಟಿಕೊಂಡರೆ ಈ ಎರಡೂ ನಷ್ಟ ತಗ್ಗುತ್ತದೆ. ಆದರೆ ಕಲ್ಲು ತರಿಸುವ ಮೊದಲು ನೀರು ಹೋಗುವ ದಾರಿಯನ್ನು ಯೋಚಿಸಬೇಕು.

ಜಾಗ ಮತ್ತು ಅಳತೆ

ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ಹಿತ್ತಲಿನ ಉತ್ತರ ಗಡಿಯ ಪಾಗಾರದ ಒಳಬದಿ ಉತ್ತಮ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗಲೂ ಅಲ್ಲಿಗೆ ಬಿಸಿಲು ಸಿಗುತ್ತದೆ. ದಕ್ಷಿಣ ಗಡಿಯ ಪಾಗಾರದ ಬುಡ ಆಗ ನೆರಳಿನಲ್ಲಿರುತ್ತದೆ.

ಒಂದೇ ಬದಿಯಿಂದ ಕಳೆ ತೆಗೆದು, ಕೊಯ್ಲು ಮಾಡಬೇಕಾದ್ದರಿಂದ ಒಳ ಅಗಲ ಎರಡು ಅಡಿ ಇರಲಿ. ಎತ್ತರ ಒಂದೂವರೆ ಅಡಿ ಸಾಕು. ಉದ್ದ 12 ಅಡಿಯಿಂದ ಆರಂಭಿಸಬಹುದು.

ಪಾಗಾರವನ್ನೇ ಮಡಿಯ ಹಿಂಗೋಡೆ ಮಾಡಬೇಡಿ. ಒದ್ದೆ ಮಣ್ಣಿನ ಭಾರ ತಡೆಯಲೆಂದು ಪಾಗಾರ ಕಟ್ಟಿರುವುದಿಲ್ಲ. ಸದಾ ತೇವ ತಾಗಿ ಗಾರೆ ಉದುರುತ್ತದೆ, ಕ್ರಮೇಣ ಗೋಡೆ ಪಕ್ಕದ ಮನೆಯ ಕಡೆಗೆ ವಾಲಲೂಬಹುದು. ಒಂದು ಅಡಿ ಅಂತರ ಬಿಟ್ಟು ನಾಲ್ಕೂ ಬದಿ ಕಟ್ಟಿ. ಆ ಅಂತರದಲ್ಲಿ ನೀರು ಹರಿದುಹೋಗಲು ಇಳಿಜಾರು ಕೊಡಿ, ಬಿದ್ದ ತರಗೆಲೆಯನ್ನು ಆಗಾಗ ಗುಡಿಸಿ.

ಕಟ್ಟುವ ಕ್ರಮ

ಹೊಸದಾಗಿ ಕೊಯ್ದ ಕೆಂಪು ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕಲ್ಲು ತಂದು ಕೆಲವು ವಾರ ಬಿಟ್ಟು ಬಳಸಿ. ಮೈಯಲ್ಲಿ ಜೇಡಿಯ ಗಂಟು ಹೆಚ್ಚಿರುವ ಕಲ್ಲು ಬೇಡ.

ದಾರ ಕಟ್ಟಿ ಗುರುತು ಮಾಡಿ, ಮುಕ್ಕಾಲು ಅಡಿ ಆಳದ ಪಾಯ ತೋಡಿ ತಳವನ್ನು ದಮ್ಮಸು ಮಾಡಿ. ಅದರ ಮೇಲೆ ಸಿಮೆಂಟ್, ಮರಳು, ಜಲ್ಲಿಯ 1:4:8 ಕಾಂಕ್ರೀಟ್ ನಾಲ್ಕು ಇಂಚು ಸಾಕು. ಕಲ್ಲನ್ನು ನೀರಿನಲ್ಲಿ ನೆನೆಸಿ, 1:6 ಗಾರೆಯಲ್ಲಿ ಕೂರಿಸಿ. ಒಣಕಲ್ಲು ಗಾರೆಯ ನೀರನ್ನು ಹೀರಿ ಬೆಸುಗೆ ಸಡಿಲವಾಗುತ್ತದೆ. ಮೇಲಿನ ವರಸೆಯ ಸಂದು ಕೆಳಗಿನ ಸಂದಿನ ನೇರಕ್ಕೆ ಬರಬಾರದು.

ನೆಲಕ್ಕಿಂತ ಎರಡು ಇಂಚು ಮೇಲೆ, ಮೂರು ಅಡಿಗೊಂದರಂತೆ ಒಂದೂವರೆ ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಹೊರಕ್ಕೆ ವಾಲಿಸಿ ಕೂರಿಸಿ. ಮಡಿಯ ತಳಕ್ಕೆ ಕಾಂಕ್ರೀಟ್ ಹಾಕಲೇಬೇಡಿ. ಪಿಕ್ಕಾಸಿನಿಂದ ಅಗೆದು ಸಡಿಲ ಮಾಡಿ. ಗೋಡೆಗೆ ಏಳು ದಿನ ಕ್ಯೂರಿಂಗ್ ಆದ ಮೇಲೆಯೇ ಮಣ್ಣು ತುಂಬಿ.

ಮಣ್ಣು ತುಂಬುವುದು

ಪೈಪಿನ ಒಳಬಾಯಿಗೆ ನೈಲಾನ್ ಬಲೆಯ ತುಂಡು ಇಟ್ಟು ಜಲ್ಲಿ ಸುರಿಯಿರಿ. ತಳದಲ್ಲಿ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗುವಂತೆ ಒಂದು ಸಾಲು ಜೋಡಿಸಿ. ಬೇಸಗೆಯಲ್ಲಿ ಅದು ತೇವ ಹಿಡಿದಿಡುತ್ತದೆ.

12 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಆಳದ ಮಡಿಗೆ 36 ಘನ ಅಡಿ, ಅಂದರೆ ಸುಮಾರು ಒಂದು ಘನ ಮೀಟರ್ ಮಿಶ್ರಣ ಬೇಕು. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಇನ್ನೊಂದು ಪಾಲು ಸುಡುಮಣ್ಣು ಮತ್ತು ಮರಳು. ಕರಾವಳಿಯ ಕೆಂಪು ಮಣ್ಣಿಗೆ ಹುಳಿ ಹೆಚ್ಚು. ಮೇಲ್ಮಣ್ಣಿಗೆ ಕೃಷಿ ಸುಣ್ಣ ಬೆರೆಸಿ ಎರಡು ವಾರ ಬಿಟ್ಟು ಗೊಬ್ಬರ ಕೂಡಿಸಿ. ಸುಣ್ಣದ ಪ್ರಮಾಣವನ್ನು ಮಣ್ಣು ಪರೀಕ್ಷೆ ನೋಡಿ ನಿರ್ಧರಿಸಿ. ಗೆದ್ದಲಿನ ಕಾಟ ಇರುವಲ್ಲಿ ಬೇವಿನ ಹಿಂಡಿ ಸೇರಿಸಿ.

ಯಾವ ಬೆಳೆ?

ಹಿಂಬದಿಯಲ್ಲಿ ಬಸಳೆ, ತೊಂಡೆ, ಹೀರೆ, ಅಲಸಂಡೆ ಹಬ್ಬಿಸಿ. ಚಪ್ಪರದ ಗೂಟವನ್ನು ಮಡಿಯ ಗೋಡೆಗೆ ಬಿಗಿಯದೆ ನೆಲದಲ್ಲಿ ಹುಗಿಯಿರಿ. ಮುಂಬದಿಗೆ ಬೆಂಡೆ, ಬದನೆ, ಮೆಣಸು. ಮಳೆ ಬಿಟ್ಟ ಮೇಲೆ ಹರಿವೆ ಬಿತ್ತಿದರೆ ಸುಮಾರು ಒಂದು ತಿಂಗಳಲ್ಲಿ ಸೊಪ್ಪು ಕೊಯ್ಯಬಹುದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹಲವು ಬಾರಿ ಕೊಯ್ಯಬಹುದಾದ ಹರಿವೆ ತಳಿ.

ಮೊದಲ ಮಳೆಯ ದಿನ

ಮೊದಲ ದೊಡ್ಡ ಮಳೆ ಬಂದಾಗ ಕೊಡೆ ಹಿಡಿದು ಹೋಗಿ ಪೈಪಿನ ಬಾಯಿಗಳನ್ನು ನೋಡಿ. ಆರಂಭದಲ್ಲಿ ಸ್ವಲ್ಪ ಕೆಂಪು ನೀರು ಬಂದು ಆಮೇಲೆ ತಿಳಿಯಾದರೆ ಮಡಿ ಸರಿಯಾಗಿದೆ. ಕೆಸರೇ ಬರುತ್ತಿದ್ದರೆ ಬಲೆ ಸರಿದಿದೆ, ನಿಮ್ಮ ಗೊಬ್ಬರ ಹೊರಗೆ ಹೋಗುತ್ತಿದೆ. ನೀರೇ ಬಾರದೆ ಮಡಿಯ ಮೇಲೆ ನಿಂತಿದ್ದರೆ ಪೈಪಿಗೆ ಕಡ್ಡಿ ಹಾಕಿ ಬಿಡಿಸಿ. ಮಳೆಗಾಲ ಮುಗಿಯುವಾಗ ಮಣ್ಣು ಕೆಲವು ಇಂಚು ಕುಸಿದಿರುತ್ತದೆ. ಗಾಬರಿ ಬೇಡ, ಹಟ್ಟಿಗೊಬ್ಬರ, ಸುಡುಮಣ್ಣು ಸೇರಿಸಿ ಏರಿಸಿಕೊಳ್ಳಿ.

ಮಾರ್ಚ್ ಒಳಗೆ ಕಲ್ಲಿನ ಕೆಲಸ, ಏಪ್ರಿಲ್‌ನಲ್ಲಿ ಮಣ್ಣು, ಮೇ ಕೊನೆಗೆ ಬೀಜ. ಈ ಬೇಸಗೆಯಲ್ಲಿ ಒಂದೇ ಮಡಿ ಕಟ್ಟಿ. ಒಂದು ಮಳೆಗಾಲ ಅದರ ನೀರಿನ ದಾರಿಯನ್ನು ನೋಡಿಕೊಂಡು ಎರಡನೆಯದಕ್ಕೆ ಕಲ್ಲು ತರಿಸಿ.