ಶಾಖವೋ, ಐಸೋ? ನೋವು ತಗ್ಗಿಸುವ ಹತ್ತು ಸೂತ್ರಗಳು

ಸೊಂಟ ಹಿಡಿದರೂ ಶಾಖ, ಕಾಲು ಉಳುಕಿದರೂ ಶಾಖ, ಮಂಡಿ ಊದಿದರೂ ಶಾಖ. ನಮ್ಮ ಮನೆಗಳಲ್ಲಿ ಬಿಸಿನೀರಿನ ಚೀಲಕ್ಕೆ ಬಿಡುವೇ ಇಲ್ಲ. ಆಟದ ಮೈದಾನದಲ್ಲಿ ಇದರ ತಿರುಗುಮುರುಗು. ಅಲ್ಲಿ ಬಿದ್ದವರಿಗೆಲ್ಲ ಐಸ್. ಎರಡೂ ಒಳ್ಳೆಯ ಮದ್ದೇ. ಯಾವ ನೋವಿಗೆ ಯಾವುದು, ಎಷ್ಟು ಹೊತ್ತು, ಆಮೇಲೇನು ಎಂಬಲ್ಲೇ ನಾವು ಎಡವುವುದು. ಹೆಚ್ಚು ಖರ್ಚಿಲ್ಲದ ಈ ಚಿಕಿತ್ಸೆಯಿಂದ ಪೂರ್ತಿ ಲಾಭ ಪಡೆಯಲು ಹೀಗೆ ಮಾಡಿ.

1. ಮೊದಲು ಮುಟ್ಟಿ ನೋಡಿ

ನೋಯುವ ಮಂಡಿಯ ಮೇಲೆ ಕೈಯ ಹಿಂಬದಿ ಇಡಿ, ಆಮೇಲೆ ಇನ್ನೊಂದು ಮಂಡಿಯ ಮೇಲಿಡಿ. ನೋಯುವ ಕಡೆ ಹೆಚ್ಚು ಬೆಚ್ಚಗಿದ್ದರೆ, ಊದಿದ್ದರೆ, ಕೆಂಪಾಗಿದ್ದರೆ ಅಲ್ಲಿ ಉರಿಯೂತವಿದೆ, ಐಸ್ ಇಡಿ. ಊತವೂ ಇಲ್ಲ, ಬಿಸಿಯೂ ಇಲ್ಲ, ಬರೀ ಬಿಗಿತ, ಸೆಳೆತ ಎಂದಾದರೆ ಶಾಖ ಕೊಡಿ. ಹಳೆಯ ಸಂಧಿವಾತವೇ ಆದರೂ ಕೀಲು ದಿಢೀರನೆ ಊದಿ ಬಿಸಿಯಾದ ದಿನ ಐಸ್‌ನ ದಿನವೇ. ಕಾಲಿನ ಹೆಬ್ಬೆರಳನ್ನು ಕಾಡುವ ಗೌಟ್‌ಗೂ ಅಷ್ಟೆ. ಅದಕ್ಕೆ ಶಾಖ ಕೊಟ್ಟರೆ ನೋವು ಕೆರಳುತ್ತದೆ.

2. ಹೊಸ ಪೆಟ್ಟಿಗೆ ಎರಡು ಮೂರು ದಿನ ಶಾಖ ಬೇಡ

ಬಸ್ಸಿನಿಂದ ಇಳಿಯುವಾಗ ಪಾದ ಹೊರಳಿತು ಎನ್ನಿ. ಗಿಣ್ಣಿನ ಸುತ್ತಲಿನ ಸಣ್ಣ ರಕ್ತನಾಳಗಳು ಹರಿದು ಒಳಗೊಳಗೇ ರಕ್ತ ಸೋರುತ್ತಿರುತ್ತದೆ. ಶಾಖ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಊತ ಇನ್ನೂ ಏರುತ್ತದೆ. ತಂಪು ಅವನ್ನು ಕುಗ್ಗಿಸುತ್ತದೆ, ನೋವಿನ ಸುದ್ದಿ ಒಯ್ಯುವ ನರಗಳ ವೇಗವನ್ನೂ ತಗ್ಗಿಸುತ್ತದೆ. ಮೊದಲ 48ರಿಂದ 72 ಗಂಟೆ ಬಿಸಿನೀರು ಹುಯ್ಯುವುದು, ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿಸುವುದು ಎರಡನ್ನೂ ಬಿಡಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ, ಕ್ರೇಪ್ ಬ್ಯಾಂಡೇಜನ್ನು ಹದವಾಗಿ ಸುತ್ತಿ.

3. ಐಸ್ ನೋವಿಗೆ, ವಾಸಿಗಲ್ಲ

ವಿಶ್ರಾಂತಿ, ಐಸ್, ಒತ್ತುಪಟ್ಟಿ, ಎತ್ತರ ಎಂಬ ನಾಲ್ಕಂಶದ ‘ರೈಸ್’ ಸೂತ್ರವನ್ನು 1978ರಲ್ಲಿ ಕೊಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಅತಿಯಾದ ಐಸ್ ಮತ್ತು ವಿಶ್ರಾಂತಿ ಗಾಯ ಮಾಗುವುದನ್ನು ತಡಮಾಡಬಹುದು ಎಂದು ಮುಂದೆ ಅವರೇ ಬರೆದರು. ಪೆಟ್ಟಾದ ಜಾಗ ಊದುವುದು ದೇಹದ ರಿಪೇರಿ ಕೆಲಸದ ಒಂದು ಭಾಗ. 2019ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ನಲ್ಲಿ ಬಂದ ‘ಪೀಸ್ ಅಂಡ್ ಲವ್’ ಎಂಬ ಹೊಸ ಸೂತ್ರದಲ್ಲಂತೂ ಐಸ್‌ಗೆ ಜಾಗವೇ ಇಲ್ಲ. ಹಾಗಾಗಿ ನೋವು ತಡೆಯಲಾರದಷ್ಟಿದ್ದಾಗ, ಮೊದಲ ಒಂದೆರಡು ದಿನ, ಒಮ್ಮೆಗೆ 10–15 ನಿಮಿಷ ಇಡಿ. ಮತ್ತೆ ಇಡುವ ಮುನ್ನ ಎರಡು ಗಂಟೆ ಬಿಡುವು ಕೊಡಿ. ದಿನವಿಡೀ ಐಸ್ ಕಟ್ಟಿಕೊಂಡು ಕೂರಬೇಡಿ.

4. ಫ್ರೀಜರ್‌ನಿಂದ ನೇರ ಮೈಗೆ ಬೇಡ

ಕರಗುತ್ತಿರುವ ಐಸ್ ಸೊನ್ನೆ ಡಿಗ್ರಿಯಲ್ಲಿರುತ್ತದೆ. ಫ್ರೀಜರ್‌ನಲ್ಲಿಟ್ಟ ಜೆಲ್ ಪ್ಯಾಕ್ ಮೈನಸ್ 18 ಡಿಗ್ರಿಗೆ ಇಳಿದಿರಬಹುದು, ಅದು ಚರ್ಮವನ್ನು ಕಚ್ಚಿಬಿಡುತ್ತದೆ. ನಡುವೆ ಟವೆಲ್ ಇರಲೇಬೇಕು. ಐಸನ್ನು ಜಜ್ಜಿ ಒದ್ದೆ ಟವೆಲ್‌ನಲ್ಲಿ ಸುತ್ತಿದರೆ ಇನ್ನೂ ಒಳ್ಳೆಯದು. ಫ್ರೋಜನ್ ಬಟಾಣಿ ಪ್ಯಾಕೆಟ್ ಮಂಡಿಯ ಆಕಾರಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಮತ್ತೆ ಮತ್ತೆ ಕರಗಿ ಗಟ್ಟಿಯಾದ ಆ ಬಟಾಣಿ ಸಾಗುವಿಗೆ ಹೋಗದಂತೆ ಗುರುತು ಹಾಕಿಡಿ. ಐಸ್ ಇಟ್ಟಾಗ ಮೊದಲು ತಣ್ಣಗೆ, ಆಮೇಲೆ ಉರಿ, ಬಳಿಕ ಒಳಗಿನಿಂದ ನೋವು, ಕೊನೆಗೆ ಜೋಮು. ಜೋಮು ಬಂದೊಡನೆ ಎತ್ತಿಬಿಡಿ. ಮೊಣಕೈಯ ಒಳಬದಿ, ಮಂಡಿಯ ಕೆಳಗಿನ ಹೊರಬದಿಗಳಲ್ಲಿ ನರ ಚರ್ಮಕ್ಕೆ ಅಂಟಿದಂತಿರುತ್ತದೆ, ಅಲ್ಲಿ ಇನ್ನೂ ಬೇಗ ಎತ್ತಿ. ಹಿಮ್ಮಡಿ ನೋವಿನವರು ನೀರು ತುಂಬಿ ಗಟ್ಟಿಯಾಗಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಕಾಲುಚೀಲ ಹಾಕಿದ ಅಂಗಾಲಿನಡಿ ಐದಾರು ನಿಮಿಷ ಉರುಳಿಸಲಿ.

5. ಬಿಗಿತಕ್ಕೆ ಬೆಳಗಿನ ಬಿಸಿ

ಸವೆದ ಮಂಡಿ, ಎದ್ದೊಡನೆ ಮಡಚಲಾಗದ ಬೆರಳು, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮರಗಟ್ಟಿದ ಕತ್ತು: ಇವಕ್ಕೆಲ್ಲ ಶಾಖ. ರಕ್ತಸಂಚಾರ ಹೆಚ್ಚಿ ಸ್ನಾಯು ಸಡಿಲಾಗುತ್ತದೆ, ಕೀಲಿನ ಸುತ್ತಲಿನ ಅಂಗಾಂಶ ಹಿಗ್ಗಲು ಒಪ್ಪುತ್ತದೆ. 15–20 ನಿಮಿಷ ಸಾಕು. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್‌ನ ಒದ್ದೆ ಶಾಖ ಒಣ ಶಾಖಕ್ಕಿಂತ ಬೇಗ ಒಳಗಿಳಿಯುತ್ತದೆ. ಬೆರಳು ನೋವಿನವರು ಬೋಗುಣಿಯ ಉಗುರು ಬೆಚ್ಚಗಿನ ನೀರಿನಲ್ಲಿ ಕೈ ಮುಳುಗಿಸಿ ಮುಷ್ಟಿ ಕಟ್ಟುತ್ತ, ಬಿಡುತ್ತ ಇರಲಿ. ಫಿಸಿಯೋಥೆರಪಿ ಕೇಂದ್ರಗಳಲ್ಲಿ ಕರಗಿದ ಮೇಣದಲ್ಲಿ ಕೈ ಅದ್ದಿಸುವುದೂ ಇದೇ ಕಾರಣಕ್ಕೆ.

6. ಉಪ್ಪಿನ ಗಂಟಿಗೂ ಹದ ಬೇಕು

ಕಲ್ಲುಪ್ಪನ್ನು ಬಾಣಲೆಯಲ್ಲಿ ಚಟಪಟ ಸಿಡಿಯುವವರೆಗೆ ಹುರಿದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಒತ್ತುವ ರೂಢಿ ಇಂದಿಗೂ ಇದೆ. ಇಲ್ಲಿ ಕೆಲಸ ಮಾಡುವುದು ಉಪ್ಪು ಹಿಡಿದಿಟ್ಟ ಬಿಸಿ. ಗಂಟು ಮೈಯ ಆಕಾರಕ್ಕೆ ಒಗ್ಗುವುದು ಇನ್ನೊಂದು ಅನುಕೂಲ. ಆದರೆ ಒಲೆಯಿಂದಿಳಿದ ಉಪ್ಪು ಕುದಿಯುವ ನೀರಿಗಿಂತಲೂ ಬಿಸಿಯಿರಬಹುದು. ಕೊಡುವವರು ಗಂಟನ್ನು ಮೊದಲು ತಮ್ಮ ಮಣಿಕಟ್ಟಿನ ಒಳಬದಿಗೆ ಇಟ್ಟು ಹತ್ತು ಎಣಿಸಲಿ. ತಡೆದುಕೊಳ್ಳಲಾಗದಿದ್ದರೆ ಇನ್ನಷ್ಟು ಆರಲಿ. ಒಂದೇ ಕಡೆ ಇಡದೆ ಒತ್ತಿ, ಎತ್ತಿ, ಸರಿಸುತ್ತ ಹೋಗಬೇಕು. ರಬ್ಬರ್ ಚೀಲಕ್ಕಾದರೆ ಕುದಿನೀರು ಬೇಡ. ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಗಾಳಿ ಒತ್ತಿ ತೆಗೆದು, ಬಿರಡೆ ಬಿಗಿದು, ತಲೆಕೆಳಗೆ ಮಾಡಿ ಸೋರುತ್ತದೆಯೇ ನೋಡಿ. ಬಿರುಕು ಬಿಟ್ಟ ರಬ್ಬರನ್ನು ಬಿಸಾಡಿ.

7. ಶಾಖ ಇಟ್ಟುಕೊಂಡು ನಿದ್ದೆ ಹೋಗಬೇಡಿ

ಸುಡಲು ಕುದಿಯುವ ಬಿಸಿಯೇ ಬೇಕಿಲ್ಲ. ಸುಮಾರು 44 ಡಿಗ್ರಿಯ ಹಿತವಾದ ಬಿಸಿಯೂ ಆರು ಗಂಟೆ ಒಂದೇ ಜಾಗಕ್ಕೆ ತಗುಲಿದರೆ ಚರ್ಮ ಸುಡುತ್ತದೆ. ಹೀಟಿಂಗ್ ಪ್ಯಾಡ್ ಮೇಲೆ ಮಲಗಿದವರಿಗೆ ಬೆಳಗ್ಗೆ ಬೊಬ್ಬೆ ಏಳುವುದು ಹೀಗೆ. ಪ್ಯಾಡನ್ನು ನೋವಿನ ಮೇಲಿಡಿ, ಅದರ ಮೇಲೆ ಮಲಗಬೇಡಿ. ಮೊಬೈಲ್‌ನಲ್ಲಿ 20 ನಿಮಿಷದ ಅಲಾರಂ ಇಟ್ಟುಬಿಡಿ. ತಿಂಗಳುಗಟ್ಟಲೆ ಒಂದೇ ಕಡೆ ಶಾಖ ಕೊಟ್ಟು ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಮೂಡಿದ್ದರೆ ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

8. ಬಾಮ್ ಮತ್ತು ಶಾಖ ಒಟ್ಟಿಗೆ ಬೇಡ

ಬಾಮ್‌ನಲ್ಲಿರುವ ಮೆಂಥಾಲ್ ಚರ್ಮವನ್ನು ನಿಜವಾಗಿ ತಣ್ಣಗೆ ಮಾಡುವುದಿಲ್ಲ. ತಂಪನ್ನು ಗುರುತಿಸುವ ನರತುದಿಯ ಗ್ರಾಹಕವನ್ನೇ ಅದು ಎಬ್ಬಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶ ಬಿಸಿಯ ಗ್ರಾಹಕವನ್ನು ಎಬ್ಬಿಸುತ್ತದೆ. ಈ ಗ್ರಾಹಕಗಳನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ, ಸ್ಪರ್ಶದ ಗುಟ್ಟನ್ನೂ ಬಿಡಿಸಿದ ಆರ್ಡೆಮ್ ಪಟಾಪೌಟಿಯನ್ ಅವರೊಂದಿಗೆ, 2021ರ ವೈದ್ಯಕೀಯ ನೊಬೆಲ್ ಬಂತು. ಬಾಮ್ ಹಚ್ಚಿದ ಜಾಗದಲ್ಲಿ ಎಷ್ಟು ಬಿಸಿ ತಗುಲುತ್ತಿದೆ ಎಂಬ ಅಂದಾಜು ಕೆಡುತ್ತದೆ, ಶಾಖದಿಂದ ಮದ್ದು ಒಳಸೇರುವುದೂ ಹೆಚ್ಚುತ್ತದೆ. ಎರಡೂ ಸೇರಿ ಚರ್ಮ ಸುಟ್ಟೀತು. ಒಂದು ಸಲಕ್ಕೆ ಒಂದೇ ಸಾಕು.

9. ಯಾರಿಗೆ ಬೇಡ, ಯಾವಾಗ ಆಸ್ಪತ್ರೆ

ಬಹಳ ವರ್ಷದಿಂದ ಶುಗರ್ ಇರುವವರ ಪಾದಕ್ಕೆ ಬಿಸಿ ತಿಳಿಯದೇ ಹೋಗಬಹುದು; ‘ಏನೂ ಸುಡುತ್ತಿಲ್ಲ’ ಎಂಬ ಅವರ ಮಾತನ್ನು ನಂಬುವಂತಿಲ್ಲ. ಅವರ ಕಾಲಿಗೆ ಬಿಸಿನೀರಿನ ಬಕೆಟ್ಟೂ ಬೇಡ, ಐಸೂ ಬೇಡ. ಚಳಿಗೆ ಬೆರಳು ಬಿಳುಚಿಕೊಳ್ಳುವವರಿಗೆ, ರಕ್ತಸಂಚಾರ ಕಡಿಮೆ ಇರುವವರಿಗೆ ಐಸ್ ಆಗದು. ತೆರೆದ ಗಾಯ, ಕೀವು ಇರುವಲ್ಲಿ ಶಾಖ ಆಗದು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಶಾಖವೂ ಬೇಡ, ತಿಕ್ಕುವುದೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಕೀಲು ಊದಿದರೆ, ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಸೊಂಟನೋವಿನ ಜೊತೆ ಕಾಲು ಸೋತರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮನೆಮದ್ದಿಗೆ ಕೂರಬೇಡಿ.

10. ನೋವು ತಗ್ಗಿದ ಅರ್ಧ ಗಂಟೆ ಹಾಳು ಮಾಡಬೇಡಿ

ಶಾಖವಾಗಲಿ ಐಸ್ ಆಗಲಿ ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವುದಿಲ್ಲ. ಅವು ಕೊಡುವುದು ನೋವಿಲ್ಲದೆ ಅಲುಗಾಡುವ ಒಂದಿಷ್ಟು ಹೊತ್ತು. ಆ ಹೊತ್ತಿನಲ್ಲಿ ಮತ್ತೆ ಸೋಫಾ ಹಿಡಿದರೆ ಬಿಗಿತ ಮರಳಿ ಬರುತ್ತದೆ. ಮಂಡಿಗೆ ಶಾಖ ಕೊಟ್ಟೊಡನೆ ಕಾಲು ಚಾಚಿ ಕೂತು, ಮಂಡಿಯಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಿ, ಹತ್ತು ಸಲ. ಕತ್ತಿಗಾದರೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನಿಧಾನಕ್ಕೆ ಹೊರಳಿಸಿ. ವಾಕಿಂಗ್ ಮುಗಿಸಿ ಬಂದ ಮೇಲೆ ಮಂಡಿ ಊದಿದ್ದರೆ ಹತ್ತು ನಿಮಿಷ ಐಸ್ ಇಡಿ. ಚಟುವಟಿಕೆಗೆ ಮುನ್ನ ಬಿಸಿ, ಆದಮೇಲೆ ಬೇಕಿದ್ದರೆ ತಂಪು ಎಂಬ ಕ್ರಮ ಅನೇಕರಿಗೆ ಒಗ್ಗುತ್ತದೆ. ಜಿಮ್‌ನ ಮರುದಿನದ ಮೈಕೈ ನೋವಿಗೆ ತಣ್ಣೀರ ಸ್ನಾನ ಹಿತವೇ. ಆದರೆ ಸ್ನಾಯು ಬೆಳೆಸಲೆಂದೇ ಭಾರ ಎತ್ತುವವರು ಪ್ರತಿಸಲವೂ ಕೂಡಲೇ ಐಸ್ ನೀರಿಗಿಳಿದರೆ ಬೆಳವಣಿಗೆಗೇ ಕತ್ತರಿ ಬೀಳುತ್ತದೆ. ವಾರ ಕಳೆದರೂ ಶಾಖವಿಲ್ಲದೆ ಏಳಲಾಗುತ್ತಿಲ್ಲವೆಂದರೆ, ಫಿಸಿಯೋಥೆರಪಿಸ್ಟ್ ಬಳಿ ಹೋಗಿ ನಿಮಗೆ ಹೊಂದುವ ವ್ಯಾಯಾಮ ಕಲಿತು ಬನ್ನಿ.