ಊಹೆಗೆ ಮೊದಲು ಎಣಿಕೆ: ಪ್ರೊಫೈಲರ್ ಕುರಿತ ಒಂದು ಪ್ರಯೋಗಾಲಯ ಪಾಠ

ಉದ್ದೇಶ: ಪ್ರೋಗ್ರಾಂ ಏಕೆ ನಿಧಾನವಾಗಿದೆ ಎಂಬುದನ್ನು ವಿದ್ಯಾರ್ಥಿಗಳು ಊಹಿಸದೆ, ಅಳೆದು ಹೇಳುವಂತಾಗುವುದು.

ಪೂರ್ವಜ್ಞಾನ: ಪೈಥಾನ್‌ನಲ್ಲಿ ಫಂಕ್ಷನ್, ಡಿಕ್ಷನರಿ ಮತ್ತು ರಿಕರ್ಷನ್.

ಪಾಠದ ಬೆಳವಣಿಗೆ: ಪದವಿಪೂರ್ವ ತರಗತಿಯಲ್ಲಿ ರಿಕರ್ಷನ್ ಮೂಲಕ 25ನೆಯ ಫಿಬೊನಾಚಿ ಸಂಖ್ಯೆ ಕಂಡುಹಿಡಿಯುವ ಪ್ರೋಗ್ರಾಂ ಓಡಿಸಿ, "ಸಮಯ ಎಲ್ಲಿ ಹೋಗುತ್ತಿದೆ?" ಎಂದು ಕೇಳಿದೆ. ಹೆಚ್ಚಿನವರು ಪ್ರಿಂಟ್ ಸಾಲನ್ನು ತೋರಿಸಿದರು. ಉತ್ತರವನ್ನು ತಿದ್ದದೆ ಸಂಖ್ಯೆಯನ್ನು 5ಕ್ಕೆ ಇಳಿಸಿ, ಕರೆಗಳ ವೃಕ್ಷವನ್ನು ಕಪ್ಪುಹಲಗೆಯ ಮೇಲೆ ಬರೆಸಿದೆ. ಎಣಿಸಿದಾಗ 15 ಕರೆಗಳು ಬಂದವು.

ನಂತರ ಪೈಥಾನ್ ಜೊತೆಗೇ ಬರುವ ಸಿಪ್ರೊಫೈಲ್ ಬಳಸಿದೆವು. ಕಮಾಂಡ್‌ನಲ್ಲಿ ಫೈಲಿನ ಹೆಸರಿಗೆ ಮೊದಲು "-ಎಂ ಸಿಪ್ರೊಫೈಲ್ -ಎಸ್ ಎನ್‌ಕಾಲ್ಸ್" ಎಂದು ಸೇರಿಸಿದರೆ ಸಾಕು. "-ಎಸ್" ಎಂಬುದು ಯಾವ ಅಂಕಣದ ಪ್ರಕಾರ ಪಟ್ಟಿ ಜೋಡಿಸಬೇಕೆಂದು ಹೇಳುತ್ತದೆ. ಎನ್‌ಕಾಲ್ಸ್ ಕರೆಗಳ ಸಂಖ್ಯೆ. ಟಾಟ್‌ಟೈಮ್ ಫಂಕ್ಷನ್ ಸ್ವತಃ ಬಳಸಿದ ಸಮಯ. ಕಮ್‌ಟೈಮ್ ಅದು ಕರೆದ ಫಂಕ್ಷನ್‌ಗಳ ಸಮಯವೂ ಸೇರಿದ ಒಟ್ಟು.

ಪರದೆಯ ಮೇಲೆ 15/1 ಎಂದು ಬಂತು. "ಇದು ಭಾಗಾಕಾರವಾ ಮೇಡಂ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅಲ್ಲ, ಎಡಗಡೆಯದು ಎಲ್ಲ ಕರೆಗಳು, ಬಲಗಡೆಯದು ರಿಕರ್ಷನ್‌ನಿಂದ ಬಾರದ ಕರೆಗಳು. ಹಲಗೆಯ ಎಣಿಕೆ ಪರದೆಯದಕ್ಕೆ ಹೊಂದಿದ್ದರಿಂದ ಉಪಕರಣದ ಮೇಲೆ ನಂಬಿಕೆ ಬಂತು. ಮತ್ತೆ 25 ಕೊಟ್ಟಾಗ 2,42,785 ಕರೆಗಳು! ಒಮ್ಮೆ ಕಂಡುಹಿಡಿದ ಬೆಲೆಯನ್ನು ಡಿಕ್ಷನರಿಯಲ್ಲಿ ಉಳಿಸಿದ ಮೇಲೆ 49ಕ್ಕೆ ಇಳಿಯಿತು. ಪ್ರಿಂಟ್ ಎರಡು ಸಲವೂ ಒಂದೇ ಬಾರಿ.

ಸಹ ಪ್ರಶಿಕ್ಷಣಾರ್ಥಿಗಳ ಗಮನಕ್ಕೆ: ಈ ಪಾಠಕ್ಕೆ ಸಮಯದ ಅಂಕಣಕ್ಕಿಂತ ಕರೆಗಳ ಅಂಕಣವನ್ನು ಮುಂದಿಟ್ಟದ್ದಕ್ಕೆ ಕಾರಣವಿದೆ. ಪ್ರಯೋಗಾಲಯದ ಹಳೆಯ, ಹೊಸ ಗಣಕಗಳಲ್ಲಿ ಸಮಯ ಬೇರೆ ಬೇರೆ ಬರುತ್ತದೆ. ಪ್ರೊಫೈಲರ್ ಕೂಡ ಪ್ರೋಗ್ರಾಂ ಅನ್ನು ಸ್ವಲ್ಪ ನಿಧಾನಗೊಳಿಸುತ್ತದೆ. ಸಣ್ಣ ಸಂಖ್ಯೆಗೆ ಸಮಯ 0.000 ಎಂದೇ ಕಾಣುತ್ತದೆ. ಕರೆಗಳ ಎಣಿಕೆ ಮಾತ್ರ ಎಲ್ಲ ಗುಂಪುಗಳಿಗೂ ಒಂದೇ. ಹಾಗಾಗಿ ಯಾವ ಗುಂಪೂ ಗಣಕವನ್ನು ದೂರುವಂತಿಲ್ಲ. ಆದರೆ ಹೆಚ್ಚು ಕರೆ ಎಂದರೆ ಹೆಚ್ಚು ಸಮಯವೆಂದೇ ಅಲ್ಲ. ಒಂದೇ ಕರೆ ದೀರ್ಘ ಹೊತ್ತು ಹಿಡಿಯಬಹುದು. ಅದನ್ನು ತೋರಿಸಲು ಮುಂದಿನ ಪಾಠದಲ್ಲಿ ಟಾಟ್‌ಟೈಮ್ ಪ್ರಕಾರ ಜೋಡಿಸಬೇಕು.

ಮೌಲ್ಯಮಾಪನ: ಡಿಕ್ಷನರಿ ಇಲ್ಲದೆ 6 ಕೊಟ್ಟರೆ ಎಷ್ಟು ಕರೆಗಳು? ಮೊದಲು ವೃಕ್ಷ ಬರೆದು ಎಣಿಸಿ, ಆಮೇಲೆ ಪ್ರೊಫೈಲರ್ ಓಡಿಸಿ. (ಉತ್ತರ: 25)